ಎರಡೂವರೆ ಅಡಿಯ ಕಟ್ಟೆ

ಅಡುಗೆಮನೆಯ ಕಟ್ಟೆಯನ್ನು ಒಡೆಸಬೇಕೋ ಬೇಡವೋ, ಒಡೆಸುವುದಾದರೆ ಯಾವಾಗ ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಹದಿಮೂರು ತಿಂಗಳು ಕಳೆದೆ. ಹೆಂಡತಿ ತೀರಿಕೊಂಡ ಎರಡು ತಿಂಗಳಿಗೆ ಸಿಂಕಿನ ಕೆಳಗಿನ ಗೋಡೆ ಒದ್ದೆಯಾಗತೊಡಗಿತು. ಮೊದಲು ಅಂಗೈಯಗಲ, ಆಮೇಲೆ ಊಟದ ತಟ್ಟೆಯಗಲ. ಜೆ.ಪಿ. ನಗರದ ನಮ್ಮ ಮನೆ ಕಟ್ಟಿ ಇಪ್ಪತ್ತೊಂಬತ್ತು ವರ್ಷವಾಯಿತು. ಆ ವಯಸ್ಸಿನ ಮನೆ ಎಲ್ಲಾದರೂ ಒಂದು ಕಡೆ ಸೋರಲೇಬೇಕು ಎಂದು ಎದುರುಮನೆಯವರು ಸಮಾಧಾನ ಹೇಳಿದರು.

ಪ್ಲಂಬರನ್ನು ಕರೆಸಿದೆ. ಆತ ಕಟ್ಟೆಯ ಕೆಳಗೆ ತಲೆ ತೂರಿಸಿ, ಮೊಬೈಲಿನ ಬೆಳಕು ಬಿಟ್ಟು ನೋಡಿ, ಹೊರಗೆ ಬಂದು ಕೈ ಒರೆಸಿಕೊಂಡ.

"ಪೈಪು ಗೋಡೆ ಒಳಗೈತೆ ಸಾರ್. ಕಟ್ಟೆ ಕಲ್ಲು ಎತ್ತದೆ ನನ್ ಕೈ ಹೋಗಲ್ಲ."

ಕಲ್ಲು ಕೆಲಸದವನನ್ನು ಕರೆಸಿದೆ. ಕಲ್ಲು ಎತ್ತುವುದು ದೊಡ್ಡ ವಿಷಯವಲ್ಲ, ಆದರೆ ಅದರ ಕೆಳಗಿನ ಮರದ ಬಾಗಿಲುಗಳನ್ನು ಕಳಚಬೇಕು, ಅದು ಬಡಗಿಯ ಕೆಲಸ ಎಂದ. ಬಡಗಿ ಬಂದು ಬಾಗಿಲನ್ನು ಉಗುರಿನಿಂದ ಕೆರೆದು ನೋಡಿದ. ಮರ ಕೊಳೆತಿದೆ, ನೀರು ನಿಲ್ಲಿಸಿದ ಮೇಲೆ ಕರೆಯಿರಿ ಎಂದ. ನೀರು ನಿಲ್ಲಿಸಬೇಕಾದವನು ಪ್ಲಂಬರು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು ನಾನು. ಯಾರ ನಂತರ ಯಾರು ಎಂದು ಒಂದು ಹಾಳೆಯಲ್ಲಿ ಬಾಣದ ಗುರುತು ಹಾಕಿ ನೋಡಿದೆ. ಬಾಣಗಳು ಸುತ್ತು ಹೊಡೆದು ಹೊರಟಲ್ಲಿಗೇ ಬಂದವು. ಪ್ಲಂಬರಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಆತ, "ನಿಮಗೆ ಬೇಕಿರೋದು ಕಂಟ್ರಾಕ್ಟರ್ ಸಾರ್. ನಾವೆಲ್ಲ ಬಿಡಿ ಬಿಡಿ ಜನ," ಎಂದ. ಸಣ್ಣ ನರ್ಸಿಂಗ್ ಹೋಮಿನ ಡಾಕ್ಟರು ದೊಡ್ಡಾಸ್ಪತ್ರೆಗೆ ಬರೆದುಕೊಡುವಾಗ ಇರುವ ದನಿ ಅದು.

ಮಗಳು ಕೋಣನಕುಂಟೆಯಲ್ಲಿ ಗಂಡನ ಜೊತೆ ಫ್ಲ್ಯಾಟಿನಲ್ಲಿದ್ದಾಳೆ. ಶನಿವಾರ ಶನಿವಾರ ಬರುತ್ತಾಳೆ. ಗೋಡೆ ನೋಡಿ ಅವಳಿಗೆ ಖುಷಿಯೇ ಆಯಿತೆಂದು ನನ್ನ ಅನುಮಾನ.

"ಹೆಂಗಿದ್ರೂ ಒಡೀತಾರಲ್ಲ ಅಪ್ಪ, ಕಟ್ಟೇನೂ ಎತ್ತರ ಮಾಡಿಸ್ಬಿಡು. ನೀನು ದೋಸೆ ಹುಯ್ಯೋದು ನೋಡಿದ್ರೆ ಯಾರಿಗೋ ನಮಸ್ಕಾರ ಮಾಡ್ತಿರೋ ಹಾಗಿರತ್ತೆ."

ಆಕೆ ಹೇಳಿದ್ದು ಸುಳ್ಳಲ್ಲ. ನಾನು ಆರಡಿಗೆ ಒಂದಿಂಚು ಕಡಿಮೆ. ಕಟ್ಟೆ ನನ್ನ ತೊಡೆಯ ಮಧ್ಯಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಹೆಂಡತಿ ಹೋದ ಮೇಲೆ ಅಡುಗೆ ಕಲಿತೆ; ಸಾರು, ಎರಡು ಮೂರು ಥರದ ಪಲ್ಯ, ಚಿತ್ರಾನ್ನ. ಈರುಳ್ಳಿ ಹೆಚ್ಚಿ ಮುಗಿಸುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಆದರೂ ಮಗಳಿಗೆ ಅಂದು ನಾನು ಕೊಟ್ಟ ಉತ್ತರ ಕೇಳಿ ನನಗೇ ಆಶ್ಚರ್ಯವಾಯಿತು.

"ವರ್ಷ ತುಂಬೋ ತನಕ ಮನೆ ಒಡೆಸಬಾರದು ಅಂತಾರೆ."

"ಯಾರಂತಾರೆ?"

"ಅಂತಾರೆ."

ಅವಳು ನನ್ನನ್ನೇ ನೋಡಿದಳು. ಅವಳ ಮದುವೆಯಲ್ಲಿ ಪುರೋಹಿತರನ್ನು ಪಕ್ಕಕ್ಕೆ ಕರೆದು, ನೀವು ಇಟ್ಟ ಮುಹೂರ್ತಗಳಲ್ಲಿ ಎಷ್ಟು ಮದುವೆ ಉಳಿದಿವೆ, ಲೆಕ್ಕ ಇಟ್ಟಿದ್ದೀರಾ ಎಂದು ಕೇಳಿದವನು ನಾನು. ಆದರೆ ಸತ್ತವರ ವಿಷಯ ಬಂದಾಗ ಮಕ್ಕಳು ವಾದ ಮಾಡುವುದಿಲ್ಲ. ನಾನು ಸಿಂಕಿನ ಕೆಳಗೆ ಒಂದು ಬಕೆಟ್ ಇಟ್ಟೆ.

ವರ್ಷ ತುಂಬಿತು. ಮಗಳ ಒತ್ತಾಯಕ್ಕೆ ವರ್ಷಾಬ್ದಿಕವೂ ಆಯಿತು. ಆಗ ಬೇಸಿಗೆ, ಬೀದಿಗೆ ಟ್ಯಾಂಕರ್ ನೀರು ಬರುತ್ತಿತ್ತು, ಈ ನೀರಿನಲ್ಲಿ ಸಿಮೆಂಟ್ ಕೆಲಸ ಯಾರು ಮಾಡಿಸುತ್ತಾರೆ ಎಂದೆ. ಒಂದೆರಡು ಮಳೆ ಬಂತು. ಗೋಡೆ ಒಣಗಲಿ ಎಂದೆ. ಅದು ಒಣಗುವ ಗೋಡೆಯಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ, "ಇನ್ನೇನು ಆಷಾಢ ಬಂತು," ಎಂದಾಗ ಅವಳು ಬ್ಯಾಗು ಕೆಳಗಿಟ್ಟು ಕೂತಳು.

"ನಿನಗ್ಯಾವ ಆಷಾಢ ಅಪ್ಪ? ನೀನು ಮದುವೆ ಆಗಿದ್ದೇ ಆಷಾಢದಲ್ಲಿ."

ಅದೂ ನಿಜ. ಯಾರೂ ಮದುವೆಯಾಗದ ತಿಂಗಳು ನೋಡಿಯೇ ನಾವು ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆವು. ಅದು ನನ್ನ ಹಟ. ಹೆಂಡತಿಯ ಕಡೆಯವರು ಒಂದು ವರ್ಷ ಮಾತಾಡಿಸಲಿಲ್ಲ. ಅವಳಿಗೆ ಅದು ಬೇಕಿತ್ತೋ ಇಲ್ಲವೋ ನಾನು ಕೇಳಿದ ನೆನಪಿಲ್ಲ. ಕೇಳಿದ್ದೆ ಎಂದು ಅನೇಕ ವರ್ಷ ನಂಬಿಕೊಂಡಿದ್ದೆ.

ಮಗಳು ನನ್ನನ್ನು ಜಯನಗರದ ಒಂದು ಮಾಡ್ಯುಲರ್ ಕಿಚನ್ ಶೋರೂಮಿಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಹುಡುಗಿ ನಮ್ಮ ಅಡುಗೆಮನೆಯ ಉದ್ದಗಲ ಕೇಳಿಕೊಂಡು ಹತ್ತು ನಿಮಿಷದಲ್ಲಿ ಪರದೆಯ ಮೇಲೆ ಬೂದು ಬಣ್ಣದ ಒಂದು ಅಡುಗೆಮನೆ ತೋರಿಸಿದಳು. "ನಿಮ್ಮ ಕಿಚನ್ ಹೀಗಿರತ್ತೆ ಅಂಕಲ್," ಎಂದಳು. ಚಿತ್ರದಲ್ಲಿ ಕಟ್ಟೆಯ ಮೇಲೆ ಒಂದು ಬಟ್ಟಲು ನಿಂಬೆಹಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಒಗ್ಗರಣೆ ಡಬ್ಬಿ ಎಲ್ಲಿಡುವುದು ಎಂದು ಕೇಳಿದೆ. ಅದಕ್ಕೊಂದು ಡ್ರಾಯರ್ ಬರುತ್ತದೆ ಎಂದಳು. ಎತ್ತರ ಎಷ್ಟು ಎಂದು ಕೇಳಿದೆ. "ಸ್ಟ್ಯಾಂಡರ್ಡ್ ಅಂಕಲ್," ಎಂದಳು. ಹೊರಗೆ ಬಂದು ಕಾಂಪ್ಲೆಕ್ಸಿನ ಹತ್ತಿರ ಜೋಳ ಸುಡುವವನ ಪಕ್ಕ ನಿಂತಾಗ ಮಗಳು ಕೇಳಿದಳು.

"ನಿಜ ಹೇಳು. ನಿನಗೆ ಒಡೆಸೋಕೆ ಇಷ್ಟ ಇಲ್ಲ, ಅಲ್ವಾ? ಯಾಕೆ?"

ಆಗ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ನನ್ನ ನೆನಪಿನಲ್ಲಿ ಹೀಗಿದೆ. ಮನೆ ಇನ್ನೂ ಅರ್ಧ ಎದ್ದಿತ್ತು. ಅಡುಗೆಮನೆಯ ಕಿಟಕಿಗೆ ಚೌಕಟ್ಟು ಬಂದಿರಲಿಲ್ಲ, ಬರೀ ಕಂಡಿ. ನಾನು ಆ ಕಂಡಿಯ ಆಚೆ, ಮರಳಿನ ಗುಡ್ಡೆಯ ಮೇಲೆ ನಿಂತಿದ್ದೆ. ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಅಮ್ಮಾ, ಹಿಂಗೆ ಬನ್ನಿ, ಗೋಡೆಗೆ ನಿಂತ್ಕೊಳ್ಳಿ, ಕೈ ಮಡಚಿ," ಎಂದ. ಹೆಂಡತಿ ಮೊಣಕೈ ಮಡಚಿ, ಲಟ್ಟಣಿಗೆ ಹಿಡಿದವಳ ಹಾಗೆ ಕೈ ಮುಂದೆ ಮಾಡಿ ನಿಂತಳು. ಮೇಸ್ತ್ರಿ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಒಂದು ಗೀಟು ಹಾಕಿದ. ಹಸಿರು ಸೀರೆ, ಅರಿಶಿನದ ಅಂಚು. ಗೀಟು ಸೀರೆಗೆ ತಾಗೀತೆಂದು ಅವಳು ಸೆರಗು ಎತ್ತಿ ಹಿಡಿದಿದ್ದಳು. ಅಲ್ಲಿಗೆ ಬಂದು ನಿಂತದ್ದು ಕಟ್ಟೆ.

ಅವಳು ಹೋದ ಮೇಲೆ ನಾನು ಮೊದಲ ಸಲ ಆ ಕಟ್ಟೆಯ ಮುಂದೆ ದಿನಾ ನಿಲ್ಲತೊಡಗಿದೆ. ಬಗ್ಗಿದಾಗೆಲ್ಲ ಅವಳ ಎತ್ತರಕ್ಕೆ ಇಳಿಯುತ್ತಿದ್ದೇನೆ ಎನ್ನಿಸುತ್ತಿತ್ತು. ಮನೆಯಲ್ಲಿ ಅವಳ ಸೀರೆಗಳನ್ನು ಮಗಳು, ನಾದಿನಿಯರು ತೆಗೆದುಕೊಂಡು ಹೋಗಿದ್ದರು. ಕನ್ನಡಕ ಇತ್ತು, ಆದರೆ ಅದು ಯಾರ ಕನ್ನಡಕವಾದರೂ ಆಗಬಹುದಿತ್ತು. ಅವಳ ಮೈಯ ಅಳತೆ ಉಳಿದದ್ದು ಆ ಕಲ್ಲಿನಲ್ಲಿ ಮಾತ್ರ ಎಂದು ನಂಬಿದ್ದೆ. ಸೊಂಟನೋವು ಅದಕ್ಕೆ ಕೊಡುವ ಬಾಡಿಗೆ ಎಂದುಕೊಂಡಿದ್ದೆ.

ಮಗಳು ಕೇಳಿಸಿಕೊಂಡಳು. ಕೈಯಲ್ಲಿದ್ದ ಜೋಳ ತಿನ್ನಲಿಲ್ಲ.

"ಅಪ್ಪ, ಅದು ಅಮ್ಮ ಅಲ್ಲ. ಅಜ್ಜಿ."

"ಏನು ಅಜ್ಜಿ?"

"ಅಳತೆ ತಗೊಂಡಿದ್ದು ಅಜ್ಜೀದು. ಅಮ್ಮ ಎಷ್ಟು ಸಲ ಹೇಳಿಲ್ಲ? ನಿಮ್ಮಜ್ಜಿ ಎತ್ತರಕ್ಕೆ ಬಗ್ಗಿ ಬಗ್ಗಿ ನನ್ನ ಬೆನ್ನು ಬಿಲ್ಲಾಯ್ತು ಅಂತ."

ನನ್ನ ತಾಯಿ ಮನೆಯಾದ ಮೇಲೆ ಎಂಟು ವರ್ಷ ನಮ್ಮೊಡನೆ ಇದ್ದರು. ಐದಡಿಗೂ ಕಡಿಮೆ. ನನ್ನ ಹೆಂಡತಿ ಅವರಿಗಿಂತ ಒಂದು ತಲೆ ಎತ್ತರ.

"ನನಗೆ ಯಾವತ್ತೂ ಹೇಳಲಿಲ್ಲ ಅವಳು."

"ಹೇಳಿರ್ತಾಳೆ. ನೀನು ಪೇಪರ್ ಓದ್ತಿರ್ತೀಯ."

ಅದನ್ನು ಅವಳು ಚುಚ್ಚುವುದಕ್ಕೆಂದು ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಆಮೇಲೆ ಇಬ್ಬರೂ ಮೆಟ್ರೋ ಹತ್ತಿದೆವು. ಜೆ.ಪಿ. ನಗರದಲ್ಲಿ ನಾನು ಇಳಿದೆ. ಬಾಗಿಲು ಮುಚ್ಚುವ ಮೊದಲು ಅವಳು, "ಒಬ್ಬ ಕಂಟ್ರಾಕ್ಟರ್ ನಂಬರ್ ಇದೆ, ಕಳಿಸ್ತೀನಿ, ಸುಮ್ನೆ ಬಂದು ನೋಡ್ಲಿ," ಎಂದಳು.

ಆ ವಾರವೆಲ್ಲ ನಾನು ಸಾರಕ್ಕಿ ಕೆರೆಯ ಸುತ್ತ ನಡೆದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆ ಗೀಟಿನ ದೃಶ್ಯವನ್ನು ಮತ್ತೆ ಮತ್ತೆ ಮುಂದೆ ತಂದು, ಮುಖ ನೋಡಲು ಪ್ರಯತ್ನಿಸುತ್ತಿದ್ದೆ. ಸೀರೆ ಕಾಣುತ್ತಿತ್ತು, ಮಡಚಿದ ಕೈ ಕಾಣುತ್ತಿತ್ತು. ಮುಖದ ಜಾಗದಲ್ಲಿ ಹೆಂಡತಿಯ ಮುಖ ಇಟ್ಟರೆ ಅದು ಕೂರುತ್ತಿತ್ತು, ತಾಯಿಯ ಮುಖ ಇಟ್ಟರೆ ಅದೂ ಕೂರುತ್ತಿತ್ತು. ಹಸಿರು ಸೀರೆ ಯಾರದು? ಆ ಕಾಲದಲ್ಲಿ ಅತ್ತೆ ಸೊಸೆ ಒಬ್ಬರದನ್ನು ಒಬ್ಬರು ಉಡುತ್ತಿದ್ದರು. ಹೆಂಡತಿ ರಾತ್ರಿ ಮಗಳನ್ನು ಕರೆದು ಬೆನ್ನಿಗೆ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದದ್ದು ನನಗೆ ನೆನಪಿದೆ. ವಾಸನೆ ನಾನು ಕೂತಿದ್ದ ಹಾಲಿನ ತನಕ ಬರುತ್ತಿತ್ತು. ವಯಸ್ಸಾಯಿತು ಎಂದು ನಾನು ಅಂದುಕೊಂಡಿದ್ದೆ. ಆಗ ಅವಳಿಗೆ ನಲವತ್ತೂ ಆಗಿರಲಿಲ್ಲ.

ಕಂಟ್ರಾಕ್ಟರ್ ಗುರುವಾರ ಬೆಳಗ್ಗೆ ಸ್ಕೂಟರಿನಲ್ಲಿ ಬಂದ. ಸಾರಕ್ಕಿಯ ಹಳಬ, ನಲವತ್ತೈದರ ಸುಮಾರು. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮೊದಲು ಗೋಡೆಯನ್ನು ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕೇಳಿದ. ಜೇಬಿನಿಂದ ಕೆಂಪು ಬೆಳಕಿನ ಅಳತೆ ಯಂತ್ರ ತೆಗೆದ, ಅದನ್ನು ಎರಡು ಸಲ ಒತ್ತಿದ, ನಂಬಿಕೆ ಬಾರದೆ ಟೇಪು ತೆಗೆದು ಮತ್ತೆ ಅಳೆದ. ಆ ಒಂದು ಕಾರಣಕ್ಕೆ ಆತ ನನಗೆ ಹಿಡಿಸಿದ.

"ಎಷ್ಟು ದಿನ ಆಗತ್ತೆ?" ಎಂದು ಕೇಳಿದೆ.

"ಹದಿನೈದು ದಿನ ಅಂತೀನಿ ಸಾರ್. ನೀವು ಒಂದು ತಿಂಗಳು ಅಂದ್ಕೊಳ್ಳಿ. ಬೇಜಾರಾಗಲ್ಲ."

"ಧೂಳು?"

"ಧೂಳು ಬಟ್ಟೆ ಬೀರು ಒಳಗೂ ಬರತ್ತೆ. ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವರಿಗೆ ಕೆಲಸ ಕೊಡಬೇಡಿ." ಆತ ಕಟ್ಟೆಯ ಅಂಚಿಗೆ ಟೇಪು ಹಿಡಿದ. "ಅಡುಗೆ ಯಾರು ಮಾಡೋದು ಸಾರ್?"

"ನಾನೇ."

"ಮೇಡಂ?"

ನಾನು ಉತ್ತರ ಹೇಳುವ ಮೊದಲು ಆತನ ಕಣ್ಣು ಹಾಲಿನ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಕಡೆ ಹೋಯಿತು. ಟೇಪು ಸರ್ರನೆ ಡಬ್ಬಿಯೊಳಕ್ಕೆ ಹೋಯಿತು. "ಸಾರಿ ಸಾರ್," ಎಂದ. ಆಮೇಲೆ ಮೊದಲಿಗಿಂತ ಸಣ್ಣ ದನಿಯಲ್ಲಿ ಹೇಳಿದ. "ಇದು ಎರಡೂವರೆ ಅಡಿ ಐತೆ. ಆಗೆಲ್ಲ ಇಷ್ಟೇ."

"ಇದು ಅಳತೆ ತಗೊಂಡು ಮಾಡಿದ್ದು. ಮನೆಯವರನ್ನ ನಿಲ್ಲಿಸಿ."

ಆತ ನಗಬಾರದೆಂದು ಪ್ರಯತ್ನಪಟ್ಟದ್ದು ಕಂಡಿತು.

"ತಪ್ಪು ತಿಳ್ಕೋಬೇಡಿ ಸಾರ್. ನಮ್ಮಪ್ಪನೂ ಮೇಸ್ತ್ರಿನೇ. ಈ ಕಡೆ ಸೈಟೆಲ್ಲ ಬಯಲಿದ್ದಾಗಿಂದ ಕಟ್ಟಿದೋರು. ಮನೆ ಹೆಂಗಸ್ರನ್ನ ಕರೆಯೋರು, ಗೋಡೆಗೆ ನಿಲ್ಸೋರು, ಮೊಣಕೈ ಕೆಳಗೆ ಗೀಟು ಹಾಕಿ ಅಮ್ಮಾ ಸರಿಗೈತಾ ಅಂತ ಕೇಳೋರು. ಅವರು ಸರಿ ಅನ್ನೋರು. ಅವರು ಆಕಡೆ ಹೋದ್ಮೇಲೆ ಎರಡೂವರೆ ಅಡಿಗೇ ಕಟ್ಟೋರು. ಇಟ್ಟಿಗೆ ವರಸೆ ಅಷ್ಟಕ್ಕೇ ಸರಿಯಾಗಿ ಕೂರೋದು. ಇಲ್ಲಾಂದ್ರೆ ಇಟ್ಟಿಗೆ ಕಡೀಬೇಕು."

"ಹಾಗಾದ್ರೆ ನಿಲ್ಸೋದು ಯಾಕೆ?"

"ನಮ್ಮ ಮನೆ ಅಂತ ಅನ್ನಿಸ್ಬೇಕಲ್ಲ ಸಾರ್ ಅವರಿಗೆ."

ನಮ್ಮ ಮನೆಯ ಮೇಸ್ತ್ರಿ ಈತನ ಅಪ್ಪನೇ ಇರಬಹುದೇ ಎಂದು ಎರಡು ಮೂರು ಪ್ರಶ್ನೆ ಕೇಳಿ ನೋಡಿದೆ. ಅಲ್ಲ, ನಮ್ಮವನು ಕನಕಪುರದ ಕಡೆಯವನು. ಆದರೆ ಪದ್ಧತಿ ಎಲ್ಲರದೂ ಅದೇ ಎಂದು ಆತ ಹೇಳಿದ. ಹದಿಮೂರು ತಿಂಗಳು ನಾನು ಕಾಪಾಡಿಕೊಂಡು ಬಂದ ಅಳತೆ ಹೆಂಡತಿಯದಲ್ಲ, ಬಹುಶಃ ತಾಯಿಯದೂ ಅಲ್ಲ, ಇಟ್ಟಿಗೆಯದು. ತರಗತಿಯಲ್ಲಾಗಿದ್ದರೆ ಇಂಥ ಉದಾಹರಣೆ ಸಿಕ್ಕಿದ್ದಕ್ಕೆ ಸಂತೋಷಪಡುತ್ತಿದ್ದೆ.

ಹೊರಡುವ ಮೊದಲು ಆತ ಒಂದು ವಿಷಯ ಕೇಳಿದ. ಮನೆ ಕಟ್ಟುವಾಗ ಅಥವಾ ಹೊಸದರಲ್ಲಿ ಅಡುಗೆಮನೆಯಲ್ಲಿ ತೆಗೆದ ಫೋಟೋ ಇದ್ದರೆ ಹುಡುಕಿಡಬೇಕು. ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ತಿಳಿದರೆ ಗೋಡೆ ಅಷ್ಟು ಕಡಿಮೆ ಒಡೆಯಬಹುದು. ಇನ್ನೊಂದನ್ನೂ ಹೇಳಿದ.

"ಶ್ರಾವಣ ಬಂತಂದ್ರೆ ಎಲ್ರೂ ಒಟ್ಟಿಗೆ ಶುರು ಮಾಡ್ತಾರೆ ಸಾರ್. ಆಗ ನಾನೂ ಸಿಗಲ್ಲ, ನನ್ನ ಜನಾನೂ ಸಿಗಲ್ಲ. ಆಷಾಢದಲ್ಲಿ ನಮ್ಮನ್ನ ಕೇಳೋರಿಲ್ಲ. ನಿಮಗೆ ಅಡ್ಡಿ ಇಲ್ಲ ಅಂದ್ರೆ ಮಂಗಳವಾರ ಬಿಟ್ಟು ಬುಧವಾರ ಕೈ ಹಾಕ್ತೀನಿ. ಭಾನುವಾರದೊಳಗೆ ಹೇಳ್ಬಿಡಿ."

ಮಂಗಳವಾರ ಯಾಕೆ ಬಿಡಬೇಕು ಎಂದು ನಾನು ಕೇಳಲಿಲ್ಲ.

ಶನಿವಾರ ಮಗಳು ಬಂದಾಗ ಇಬ್ಬರೂ ಸೇರಿ ಆಲ್ಬಮ್ ಇಳಿಸಿದೆವು. ಮನೆ ಕಟ್ಟುವಾಗಿನ ಫೋಟೋ ಒಂದೂ ಇರಲಿಲ್ಲ. ಗೃಹಪ್ರವೇಶದ್ದು ಇದ್ದವು, ಹಾಲಿನಲ್ಲಿ ಸಾಲಾಗಿ ಊಟಕ್ಕೆ ಕೂತವರು. ಅಡುಗೆಮನೆಯ ಒಳಗಿನದು ಇಡೀ ಆಲ್ಬಮಿನಲ್ಲಿ ಒಂದೇ ಒಂದು. ಬಣ್ಣ ಕೆಂಪಿಗೆ ತಿರುಗಿತ್ತು. ಕಿಟಕಿಯ ಪಕ್ಕ, ಕಟ್ಟೆಯ ಮೇಲೆ, ನನ್ನ ಹೆಂಡತಿ ಕೂತಿದ್ದಾಳೆ. ಕಾಲು ಇಳಿಬಿಟ್ಟಿದ್ದಾಳೆ. ಕೈಯಲ್ಲಿ ಲೋಟ. ಎಡಗಡೆ ಯಾರನ್ನೋ ನೋಡಿ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾಳೆ, ಅವರು ಚಿತ್ರದಲ್ಲಿಲ್ಲ. ಕೆಳಗಿನ ಮೂಲೆಯಲ್ಲಿ ಮಗಳ ಮೂರು ಚಕ್ರದ ಸೈಕಲ್ಲಿನ ಹಿಂಗಾಲಿ.

ನಾನು ಅದನ್ನು ಮಗಳ ಕೈಗೆ ಕೊಟ್ಟೆ.

"ನೋಡು. ಭಾನುವಾರ ನಾನು ಡಿಕಾಕ್ಷನ್ ಹಾಕ್ತಿದ್ದೆ, ಅವಳು ಹೀಗೇ ಹತ್ತಿ ಕೂತು ಹರಟೆ ಹೊಡೀತಿದ್ಲು. ಕಟ್ಟೆ ತಗ್ಗು ಇದ್ದಿದ್ದಕ್ಕೇ ಹತ್ತೋಕಾಗ್ತಿದ್ದಿದ್ದು."

"ನೀನು ಕಾಫಿ ಮಾಡಿದ್ದು ನಾನು ನೋಡೇ ಇಲ್ಲ ಅಪ್ಪ."

"ನೀನು ಚಿಕ್ಕವಳು."

ಅವಳು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ನನಗೆ ಕಾಣೋದು ಬೇರೆ. ಬೆಳಗಿಂದ ಬಗ್ಗಿ ಕೆಲಸ ಮಾಡಿ ಸಾಕಾಗಿ ಎರಡು ನಿಮಿಷ ಕೂತಿದಾಳೆ."

"ನಗ್ತಿದಾಳಲ್ಲ."

"ಸುಸ್ತಾದೋರು ನಗಲ್ವಾ?"

ಒಂದೇ ಚಿತ್ರ, ಎರಡು ಮಾತು. ಯಾರು ತೆಗೆದದ್ದೆಂದೂ ಗೊತ್ತಿಲ್ಲ. ಕ್ಯಾಮೆರಾ ನನ್ನದು, ಆದರೆ ನಾನು ಕ್ಯಾಮೆರಾದ ಹಿಂದಿದ್ದರೆ ಅವಳು ನಕ್ಕದ್ದು ನನ್ನನ್ನು ನೋಡಿಯಲ್ಲ. ನನ್ನನ್ನು ನೋಡಿ ನಕ್ಕದ್ದೇ ಆದರೆ ನಾನು ಆ ಫೋಟೋ ತೆಗೆದಿಲ್ಲ. ಎರಡೂ ಬೇಕು ಎನ್ನಿಸುತ್ತಿತ್ತು. ಎಷ್ಟು ಭಾನುವಾರ ಹಾಗೆ ಕೂತಿದ್ದಳು? ನನ್ನ ಮನಸ್ಸು ನೂರಾರು ಎನ್ನುತ್ತದೆ. ಕೈಯಲ್ಲಿರುವುದು ಒಂದು.

ಮಗಳು ಕಂಟ್ರಾಕ್ಟರಿಗೆ ಆ ಫೋಟೋ ಕಳಿಸಿದಳು. ಪೈಪಿನ ವಿಷಯದಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ ಎಂದು ಆತ ಫೋನು ಮಾಡಿದ. ಆಮೇಲೆ, "ಸಾರ್, ಒಂದು ಐಡಿಯಾ. ಕಿಟಕಿ ಹತ್ರ ಎರಡಡಿ ಹಳೇ ಕಟ್ಟೆ ಹಂಗೇ ಬಿಟ್ಬಿಡೋಣ. ಗ್ರೈಂಡರ್ ಇಡೋಕೆ ತಗ್ಗಿದ್ರೇ ಒಳ್ಳೇದು. ಮಿಕ್ಕಿದ್ದು ನಿಮ್ಮ ಎತ್ತರಕ್ಕೆ ತಗೊಳ್ಳೋಣ," ಎಂದ. ಗ್ರೈಂಡರ್ ಎಂಬ ಮಾತನ್ನು ಆತ ನನ್ನ ಮೇಲಿನ ಕರುಣೆಯಿಂದ ಹುಡುಕಿ ತಂದದ್ದೆಂದು ಸ್ಪೀಕರಿನಲ್ಲಿ ಕೇಳುತ್ತಿದ್ದ ನಮ್ಮಿಬ್ಬರಿಗೂ ಗೊತ್ತಿತ್ತು.

"ಅದು ಚೆನ್ನಾಗಿದೆ ಅಪ್ಪ," ಎಂದಳು ಮಗಳು. "ನಿನಗೂ ಸಮಾಧಾನ."

"ನಾಳೆ ಹೇಳ್ತೀನಿ," ಎಂದೆ.

ಭಾನುವಾರ ಬೆಳಗ್ಗೆ ಎದ್ದು ಡಿಕಾಕ್ಷನ್ ಹಾಕಿದೆ. ಹಾಲು ಕಾಯಿಸಿ, ಲೋಟಕ್ಕೆ ಬೆರೆಸಿ, ಕಿಟಕಿಯ ಪಕ್ಕ ಹೋದೆ. ಬಿಡಬೇಕೆಂದಿದ್ದ ಎರಡಡಿ ಅದೇ. ಅಲ್ಲಿದ್ದ ಉಪ್ಪಿನಕಾಯಿ ಜಾಡಿಗಳನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈ ಊರಿ ಕಟ್ಟೆ ಹತ್ತಿ ಕೂತೆ. ಅವಳು ಕೂತಲ್ಲಿ ಕೂತು ನೋಡಿದರೆ ಏನಾದರೂ ನೆನಪಾದೀತು ಎಂಬ ಆಸೆ. ಬೆನ್ನು ನೆಟ್ಟಗೆ ಮಾಡಿದಾಗ ತಲೆಯ ಮೇಲೆ ತಟ್ಟೆಗಳೆಲ್ಲ ಝಣ್ ಎಂದವು. ನೆತ್ತಿ ಉರಿಯಿತು. ಕಾಫಿ ಪಂಚೆಯ ಮೇಲೆ ಚೆಲ್ಲಿತು.

ತಟ್ಟೆ ಸ್ಟ್ಯಾಂಡು. ಗೋಡೆಗೆ ಬಡಿದ ಸ್ಟೀಲಿನ ತಟ್ಟೆ ಸ್ಟ್ಯಾಂಡು, ಎಲ್ಲರ ಮನೆಯಲ್ಲೂ ಇರುವಂಥದ್ದು. ಅದರ ಕೆಳಗೆ ಕತ್ತು ಬಗ್ಗಿಸಿಕೊಂಡು ಕೂತು, ನಾನು ಶೆಲ್ಫಿನ ಮೇಲಿಟ್ಟಿದ್ದ ಫೋಟೋವನ್ನು ಕೈಗೆತ್ತಿಕೊಂಡೆ. ಚಿತ್ರದಲ್ಲಿ ಅವಳ ತಲೆಯ ಮೇಲೆ ಬರೀ ಗೋಡೆ. ನನ್ನಷ್ಟು ಎತ್ತರವಲ್ಲದಿದ್ದರೂ, ಈ ಸ್ಟ್ಯಾಂಡಿನ ಕೆಳಗೆ ಅವಳೂ ಹಾಗೆ ನೆಟ್ಟಗೆ ಕೂತು ತಲೆ ಹಿಂದಕ್ಕೆ ಹಾಕಿ ನಗಲು ಸಾಧ್ಯವಿರಲಿಲ್ಲ.

ಮಗಳಿಗೆ ಫೋನು ಮಾಡಿದೆ. ಅವಳು ಇನ್ನೂ ನಿದ್ದೆಯಲ್ಲಿದ್ದಳು.

"ಕಿಟಕಿ ಪಕ್ಕದ ತಟ್ಟೆ ಸ್ಟ್ಯಾಂಡ್ ಯಾವಾಗ ಹಾಕಿದ್ದು, ಗೊತ್ತಾ?"

"ಅದು ಯಾವಾಗ್ಲೂ ಅಲ್ಲೇ ಇತ್ತಲ್ಲಪ್ಪ. ನಾನು ಯು.ಕೆ.ಜಿ. ಇದ್ದಾಗ ಅದ್ರಿಂದ ತಟ್ಟೆ ಎಳೆಯೋಕೆ ಹೋಗಿ ಬೈಸ್ಕೊಂಡಿದೀನಿ. ಯಾಕೆ?"

"ಏನಿಲ್ಲ. ಮಲಕ್ಕೋ."

ಅವಳು ಸೈಕಲ್ ಓಡಿಸುತ್ತಿದ್ದದ್ದು ಮೂರನೇ ವಯಸ್ಸಿನಲ್ಲಿ. ಯು.ಕೆ.ಜಿ. ಐದಕ್ಕೆ. ಆ ಎರಡು ವರ್ಷದೊಳಗೆ ಯಾವತ್ತೋ ಒಂದು ದಿನ ಸ್ಟ್ಯಾಂಡು ಬಂತು. ಅದನ್ನು ಬಡಿದವನು ನಾನು. ಇದರಲ್ಲಿ ಅನುಮಾನವಿಲ್ಲ, ಯಾಕೆಂದರೆ ನನ್ನ ಪೆದ್ದುತನದ ಸಾಕ್ಷಿ ಗೋಡೆಯಲ್ಲೇ ಇದೆ. ಸ್ಟ್ಯಾಂಡಿಗಿಂತ ಒಂದಡಿ ಮೇಲೆ, ಬಿಳಿ ಸಿಮೆಂಟು ಮೆತ್ತಿದ ಎರಡು ತೂತು. ಮೊದಲು ಅಲ್ಲಿ ಕೊರೆಯಲು ಹೋಗಿದ್ದೆ. ಒಳಗೆ ಕಾಂಕ್ರೀಟು, ಪಕ್ಕದವರಿಂದ ಎರವಲು ತಂದ ಡ್ರಿಲ್ ಮುಂದೆ ಹೋಗಲಿಲ್ಲ. ಒಂದಡಿ ಕೆಳಗೆ ಇಟ್ಟಿಗೆ ಮೆತ್ತಗೆ ಸಿಕ್ಕಿತು, ಅಲ್ಲೇ ಬಡಿದು ಮುಗಿಸಿದೆ. ಹೆಂಡತಿ ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡಿದ್ದಳು. ಏನೋ ಅಂದಳು. "ಅಷ್ಟು ಕೆಳಗೆ ಬೇಡಾರೀ" ಎಂದಳೆಂದು ಈಗ ನನಗೆ ಅನ್ನಿಸುತ್ತದೆ. ಇದನ್ನು ನಾನು ನೆನಪಿಸಿಕೊಳ್ಳುತ್ತಿದ್ದೇನೋ, ಕಟ್ಟೆಯ ಮೇಲೆ ಕತ್ತು ಬಗ್ಗಿಸಿ ಕೂತ ಆ ಗಳಿಗೆಯಲ್ಲಿ ಹುಟ್ಟಿಸಿಕೊಂಡೆನೋ, ಹೇಳಲಾರೆ. ಅವಳು ಏನೂ ಅನ್ನದೆ ಸುಮ್ಮನೆ ಸ್ಟೂಲು ಹಿಡಿದಿದ್ದಿರಬಹುದು. ಅದು ಇನ್ನೂ ಕಷ್ಟ.

ಗೃಹಪ್ರವೇಶದಲ್ಲಿ ಮಗಳಿಗೆ ಒಂದು ವರ್ಷ; ಹೇಗೆ ಲೆಕ್ಕ ಹಾಕಿದರೂ ಹೆಚ್ಚೆಂದರೆ ನಾಲ್ಕು ವರ್ಷ. ಈ ಮನೆಯಲ್ಲಿ ಹೆಂಡತಿ ಬಾಳಿದ್ದರಲ್ಲಿ ಮೊದಲ ನಾಲ್ಕು ವರ್ಷ ಮಾತ್ರ ಅಲ್ಲಿ ಹತ್ತಿ ಕೂರಲು ಜಾಗವಿತ್ತು. ಉಳಿದ ಇಪ್ಪತ್ತಮೂರೂ ಚಿಲ್ಲರೆ ವರ್ಷ ಕಟ್ಟೆ ತಗ್ಗಾಗಿಯೇ ಇತ್ತು, ಬಗ್ಗುವುದಕ್ಕೆ. ಕೂತು ಹರಟಿದ ನೂರಾರು ಭಾನುವಾರಗಳನ್ನು ಈ ಲೆಕ್ಕದೊಳಗೆ ಎಲ್ಲಿ ತುರುಕಲಿ? ಅವಳು ಇದ್ದಿದ್ದರೆ ಕೇಳುತ್ತಿದ್ದೆ. ಆದರೆ ಅವಳು ಇದ್ದಾಗ ನನಗೆ ಇದು ಕೇಳುವ ವಿಷಯವೆಂದೇ ಹೊಳೆದಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಹಾಲಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತು, ಅವಳು ರೊಟ್ಟಿ ತಟ್ಟುವಾಗ ಬೆನ್ನು ಹೇಗೆ ಬಾಗುತ್ತದೆ ಎಂದು ನೋಡಿದ್ದರೆ ಸಾಕಿತ್ತು. ಅಳತೆ ಪಟ್ಟಿ ಬೇಕಾಗಿರಲಿಲ್ಲ.

ಕಟ್ಟೆಯಿಂದ ಇಳಿಯದೆಯೇ ಕಂಟ್ರಾಕ್ಟರಿಗೆ ಫೋನು ಹಚ್ಚಿದೆ.

"ಬುಧವಾರ ಶುರು ಮಾಡಿ."

"ಆಯ್ತು ಸಾರ್. ಆ ಎರಡಡಿ ಬಿಡೋಣ ಅಲ್ವಾ?"

"ಬೇಡ. ಪೂರ್ತಿ ತೆಗೀರಿ."

"ಕಿಟಕಿ ಹತ್ರದ್ದೂನಾ?" ಆತನಿಗೆ ನಂಬಿಕೆ ಬರಲಿಲ್ಲ. "ಇನ್ನೊಂದ್ಸಲ ಯೋಚ್ನೆ ಮಾಡಿ ಸಾರ್. ಒಡೆದ್ಮೇಲೆ ಮತ್ತೆ ಕೂರ್ಸೋಕಾಗ್ಲಿಲ್ಲ ಅನ್ಬಾರದು."

"ಯೋಚ್ನೆ ಮಾಡಿದೀನಿ. ಅದೂ ತೆಗೀರಿ. ಸ್ಟ್ಯಾಂಡೂ ಕಳಚಿ."

"ಸರಿ. ಎತ್ತರ ನಿಮ್ದೇ ತಾನೆ?"

ಹೆಂಡತಿಯ ಎತ್ತರ ಹೇಳಬೇಕೆಂದು ಒಂದು ಕ್ಷಣ ಬಾಯಿಗೆ ಬಂತು. ಐದಡಿ ನಾಲ್ಕೋ, ಐದೋ. ಅದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ.

"ನಂದೇ," ಎಂದೆ. "ಮಂಗಳವಾರ ಸಂಜೆ ಬಂದು ಅಳತೆ ತಗೊಳ್ಳಿ. ನಿಲ್ತೀನಿ."

"ಮೊಣಕೈ ಲೆಕ್ಕ ನಂಗೊತ್ತು ಸಾರ್, ಇಟ್ಟಿಗೆ ಬೇಕಾದ್ರೆ ಕಡೀತೀನಿ." ಆತ ಎಲ್ಲೋ ಬರೆದುಕೊಳ್ಳುತ್ತಿದ್ದ. "ಒಂದು ಹೇಳಿ. ಅಡುಗೆ ಮಾಡುವಾಗ ಬರಿಗಾಲಲ್ಲಿ ನಿಲ್ತೀರೋ, ಚಪ್ಪಲಿ ಹಾಕ್ಕೊಂಡೋ? ಮುಕ್ಕಾಲಿಂಚು ವ್ಯತ್ಯಾಸ ಬರತ್ತೆ."

ಬರಿಗಾಲಲ್ಲಿ ಎಂದು ಹೇಳಲು ಹೊರಟೆ. ಅವಳಿದ್ದಾಗ ನಮ್ಮ ಅಡುಗೆಮನೆಯೊಳಗೆ ಯಾರೂ ಚಪ್ಪಲಿ ಹಾಕುತ್ತಿರಲಿಲ್ಲ. ಆಮೇಲೆ, ಫೋನು ಕಿವಿಗೆ ಹಿಡಿದುಕೊಂಡೇ, ಇಳಿಬಿಟ್ಟ ನನ್ನ ಕಾಲನ್ನು ಬಗ್ಗಿ ನೋಡಿದೆ. ನೀಲಿ ರಬ್ಬರ್ ಚಪ್ಪಲಿ ಇತ್ತು.

"ಚಪ್ಪಲಿ," ಎಂದೆ.